ನೀರು ನಿಂತರೆ ಊಟ

ನಮ್ಮ ಮಾಮಾ ಒಂದು ಕಾಲಕ್ಕೆ ದಿನಾಲು ಮಹಾರಾಷ್ಟ್ರಕ್ಕೆ ಹೋಗಿ ಬರುತ್ತಿದ್ದರು. ಅದೂ ಬರಿಗಾಲಲ್ಲಿ, ಹಿತ್ತಲ ಬಾಗಿಲಿನಿಂದ! ನಂಬದಿದ್ದರೆ ಬಿಡಿ. ಹತ್ತು ಮಂದಿಯ ಮುಂದೆ ಹೇಳಿ ಹೇಳಿ ಈ ಕತೆಗೆ ನಾನೇ ಎಷ್ಟು ಉಪ್ಪುಖಾರ ಹಚ್ಚಿದ್ದೇನೋ, ನನಗೂ ಲೆಕ್ಕ ತಪ್ಪಿದೆ. ಆದರೆ ಬುಡ ಮಾತ್ರ ನಿಜ.

ಮಾಮಾ ಅಂದರೆ ನಮ್ಮ ಅವ್ವನ ಅಣ್ಣ. ಕಾಗವಾಡದ ಹತ್ತಿರ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಮೊಬೈಲ್ ಹೊಸದಾಗಿ ಕೈಗೆ ಬಂದಿದ್ದ ವರ್ಷಗಳು. ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆ ಫೋನಿಗೆ ಕರ್ನಾಟಕದ ಟವರ್ ಸಿಗುತ್ತಿತ್ತು. ಹಿತ್ತಲಿಗೆ ಹೋದರೆ ಮಹಾರಾಷ್ಟ್ರದ್ದು. ಎಮ್ಮೆ ಹಿಂಡಲು ಕೂತ ಮನುಷ್ಯನ ಕಿಸೆಯಲ್ಲಿ ಟುಂಯ್ ಎಂದು ‘ಮಹಾರಾಷ್ಟ್ರಕ್ಕೆ ಸ್ವಾಗತ’! ಬಂದ ಕರೆಗೂ ದುಡ್ಡು ಕತ್ತರಿಸುವ ರೋಮಿಂಗಿನ ಕಾಲ ಅದು. ಕರೆ ಬಂದರೆ ಮಾಮಾ ಎಮ್ಮೆಯನ್ನು ಅರ್ಧಕ್ಕೆ ಬಿಟ್ಟು, ಫೋನ್ ಎತ್ತಿ, ಕೂಗುತ್ತಿದ್ದರು: “ತಡಿ, ತಡಿ, ಕರ್ನಾಟಕಕ್ಕ ಬರಾಕತ್ತೀನಿ!”

ಆ ಕಡೆಯವರು ಕಾಯಬೇಕು. ಮಾಮಾ ನಡುಮನೆ ದಾಟಿ, ಹೊಸ್ತಿಲು ದಾಟಿ, ಕಟ್ಟೆಗೆ ಬಂದು ಕೂತು, ಉಸಿರು ಬಿಟ್ಟು, “ಹಾಂ, ಈಗ ಹೇಳು” ಎನ್ನುವರು.

“ಮಾಮಾ, ಎತ್ತಿದ ಮ್ಯಾಲೆ ನಡಕೋತ ಬಂದು ಏನ್ ಉಪಯೋಗರಿ? ರೊಕ್ಕ ಹಿತ್ತಲದಾಗನ ಹೋಗಿರತೈತಿ” ಎಂದೆ ಒಮ್ಮೆ.

“ರೊಕ್ಕದ ಮಾತಲ್ಲೋ ಅಳಿಯಾ. ನಾ ಹುಟ್ಟಿದ ಮನಿ ಇದು. ನಾ ಎಲ್ಲಿ ನಿಂತೀನಿ ಅಂತ ನನಗ ಹೇಳಾಕ ಅದ್ಯಾರು? ಅದರ ಮಾಲಕ ಯಾರು? ಕರಿ ಅವನ್ನ!”

ಮಾಲಕ ಯಾರು? ಯಾವ ಯಂತ್ರ ಕಂಡರೂ ಮಾಮಾನ ಮೊದಲ ಪ್ರಶ್ನೆ ಇದೇ. ಇದನ್ನೇ ಕೇಳಲೆಂದು ಒಂದು ದಿನ ಫೋನ್ ಕಂಪನಿಗೆ ಕರೆ ಹಚ್ಚಿದರು. ರೆಕಾರ್ಡ್ ಮಾಡಿಟ್ಟ ಹೆಣ್ಣು ದನಿಯೊಂದು ಅದಕ್ಕೆ ಒಂದು ಒತ್ತಿ, ಇದಕ್ಕೆ ಎರಡು ಒತ್ತಿ ಎಂದು ಶುರು ಮಾಡಿತು. ಮಾಮಾ ಬಹಳ ಮರ್ಯಾದಸ್ಥರು. “ನೀವು ಮುಗಸ್ರಿ ಬಾಯಾರ, ನಾ ನಡಬರಕ ಬಾಯಿ ಹಾಕಾಂಗಿಲ್ಲ” ಎಂದು ಸುಮ್ಮನೆ ಕೂತರು. ದನಿ ಮುಗಿಸಿತು, ಮತ್ತೆ ಮೊದಲಿನಿಂದ ಹಿಡಿಯಿತು, ಮತ್ತೆ ಮುಗಿಸಿತು. ಕೊನೆಗೆ ಮಾಮಾ ಫೋನ್ ಕೆಳಗಿಟ್ಟು ತಲೆ ಅಲ್ಲಾಡಿಸಿದರು. “ಪಾಪ, ಅಕಿಗೂ ಮಾಲಕ ಭೆಟ್ಟಿ ಆಗಿಲ್ಲ ಕಾಣತೈತಿ.”

ತಮ್ಮ ಮನೆಯೊಳಗಿನ ಯಂತ್ರಗಳಿಗಾದರೂ ತಾವೇ ಮಾಲಕರಾಗಿರಬೇಕೆಂದು ಟೀವಿಯ ರಿಮೋಟನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ತೋಟಕ್ಕೆ ಹೋಗುತ್ತಿದ್ದರು. ಔಷಧಿ ಸಿಂಪಡಿಸುವಾಗಲೂ ರಿಮೋಟ್ ಎದೆಯ ಮೇಲೆ! ಟೀವಿಯ ಹೊಟ್ಟೆಯ ಮೇಲೂ ಗುಂಡಿಗಳಿವೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿತ್ತು. ಮಾಮಾನ ಹೆಜ್ಜೆಯ ಸದ್ದು ಕೇಳಿದ ಕೂಡಲೇ ಆರಿಸಿ ಹಿಟ್ಟು ನಾದಲು ಕೂತುಬಿಡುತ್ತಿದ್ದರು. ಒಮ್ಮೆ ಮಾಮಾ ಟೀವಿಯ ಬೆನ್ನು ಮುಟ್ಟಿ ನೋಡಿದರು.

“ಬಿಸಿ ಐತೆಲ್ಲ?”

“ಬ್ಯಾಸಗಿ ಐತೆಲ್ರಿ” ಎಂದರು ಅತ್ತೆ, ತಲೆ ಎತ್ತದೆ.

ಅದು ಡಿಸೆಂಬರ್ ತಿಂಗಳು. ಅಥವಾ ನಾನು ಹಾಗೆ ನೆನಪಿಟ್ಟುಕೊಂಡಿದ್ದೇನೆ. ಡಿಸೆಂಬರ್ ಅಂದರೆ ನಗು ಹೆಚ್ಚು ಬರುತ್ತದೆ, ಅದಕ್ಕೇ ಇರಬಹುದು.

ಮಾಮಾಗೆ ಶುಗರ್ ಇತ್ತು. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಬಳ್ಳಿಗೆ ನೀರು ಬಿಡಲು ನಿಂತರೆ ಮಾತ್ರ ಹೊಟ್ಟೆಯ ನೆನಪೇ ಇಲ್ಲ. ಅತ್ತೆ ಕಟ್ಟೆಯ ಮೇಲೆ ನಿಂತು ಕೂಗಿದರೆ “ಬಂದೆ” ಎನ್ನುವರು, ಬರುವವರಲ್ಲ. ಒಮ್ಮೆ ಬಾವಿಯ ದಂಡೆಯಲ್ಲೇ ಬಿದ್ದರು. ಒಂದು ಮಾರು ಆಚೆ ಬಿದ್ದಿದ್ದರೆ ನೀರಿಗೇ. ಅಂದಿನಿಂದ ಅತ್ತೆಗೆ ಮಧ್ಯಾಹ್ನವೆಂದರೆ ಎದೆ ಹಾರುತ್ತಿತ್ತು.

ಗಡಿಯಾಚೆ, ಮಹಾರಾಷ್ಟ್ರದ ಮಿರಜದಲ್ಲಿ ಸಂಸಾರ ಹೂಡಿದ್ದ ಮಗಳು ಸುನಂದಾ ಇದಕ್ಕೊಂದು ಉಪಾಯ ತಂದಳು: ಮೋಟರಿಗೆ ಮೊಬೈಲ್ ಸ್ಟಾರ್ಟರ್. ಪೆಟ್ಟಿಗೆಯೊಳಗೊಂದು ಸಿಮ್ಮು. ಮನೆಯಿಂದ ಒಂದು ಮಿಸ್ ಕಾಲ್ ಕೊಟ್ಟರೆ ಮೋಟರ್ ಚಾಲೂ, ಇನ್ನೊಂದು ಕೊಟ್ಟರೆ ಬಂದ್. ಬಾವಿಯ ಹತ್ತಿರ ಹೋಗುವ ಹಂಗೇ ಇಲ್ಲ. ಅಥಣಿಯಿಂದ ಬಂದ ಮೆಕ್ಯಾನಿಕ್ ಪೆಟ್ಟಿಗೆ ಕೂಡಿಸಿ, “ಮಾಲಕರ ನಂಬರ್ ಹೇಳ್ರಿ. ಒಂದ ನಂಬರಿನ ಮಾತು ಕೇಳತೈತಿ ಇದು” ಎಂದ.

ಆಹಾ! ಜೀವಮಾನವೆಲ್ಲ ಮಾಲಕ ಯಾರೆಂದು ಕೇಳಿದವರಿಗೆ ಯಂತ್ರವೇ ಬಂದು ‘ನೀವೇ’ ಎನ್ನುತ್ತಿದೆ. ಮಾಮಾ ಏನು ಮಾಡಬೇಕು?

“ಕೊಡಾಂಗಿಲ್ಲ” ಎಂದರು. “ನನ್ನ ಬಾವಿ, ನನ್ನ ಮೋಟರು, ಅದಕ ನಾ ಫೋನ್ ಹಚ್ಚಿ ಕೇಳಬೇಕಾ? ನಾಳೆ ಎಮ್ಮಿಗೂ ಫೋನ್ ಹಚ್ಚಿ ಹಾಲು ಕೇಳು ಅಂತೀರಿ!”

ಮೆಕ್ಯಾನಿಕ್ಕನಿಗೆ ಬಸ್ಸಿನ ಚಿಂತೆ. ಚಹಾ ತಂದ ಅತ್ತೆ ಕಪ್ಪು ಕೆಳಗಿಟ್ಟು, ಕೈ ಒರೆಸಿಕೊಂಡು, “ನನ್ನ ನಂಬರ್ ಹಾಕ್ರಿ” ಎಂದರು.

ರಾಜ್ಯ ಹೋಗಲು ಇಷ್ಟೇ ಹೊತ್ತು ಸಾಕು!

ಮರುದಿನ ಮಾಮಾ ಬಳ್ಳಿಗಳ ಸಾಲಿನಲ್ಲಿ ಮೈಮರೆತಿದ್ದಾಗ ನೀರು ನಿಂತಿತು. ಕರೆಂಟ್ ಹೋಯಿತೇ ಎಂದು ಪಂಪ್ ಶೆಡ್ಡಿಗೆ ಹೋಗಿ ನೋಡಿದರೆ ಬಲ್ಬು ಉರಿಯುತ್ತಿದೆ. ಕರೆಂಟ್ ಇದೆ, ಮೋಟರಿಲ್ಲ. ಉರಿಯುತ್ತ ಮನೆಗೆ ಬಂದರು. ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ.

“ಇನ್ನ ಎರಡು ಸಾಲು ಉಳದಿತ್ತು!”

“ಕರದ್ರ ಬರಾಂಗಿಲ್ಲ. ನೀರು ನಿಂತ್ರ ಓಡಿ ಬರತೀರಿ. ಉಣ್ರಿ, ಬಿಡತೀನಿ.”

ಉಂಡು ಕೈ ತೊಳೆದು ಬಂದ ಮೇಲೆಯೇ ಅತ್ತೆ ಮಿಸ್ ಕಾಲ್ ಕೊಟ್ಟದ್ದು. ಇದು ದಿನದ ಪದ್ಧತಿಯಾಯಿತು. ಮಾಮಾ ದಿನಾಲು ಬೈದರು, ದಿನಾಲು ಉಂಡರು. ಹಳೆಯ ಸ್ಟಾರ್ಟರಿನ ಹಸಿರು ಗುಂಡಿ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಕೈಯಿಂದ ಒತ್ತಿದ್ದರೂ ಮೋಟರ್ ತಿರುಗುತ್ತಿತ್ತು. ಒಂದು ದಿನವಾದರೂ ಅವರು ಯಾಕೆ ಒತ್ತಲಿಲ್ಲ ಎಂದು ಕೇಳಿಕೊಳ್ಳಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಆಮೇಲೆ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಮಿರಜದ ಆಸ್ಪತ್ರೆಯಲ್ಲಿ ಆಪರೇಷನ್. ‘ಎಚ್ಚರ ಆಗಲಿ, ಆಮೇಲೆ ನೋಡೋಣ’ ಎಂದರು ಡಾಕ್ಟರರು, ಮರಾಠಿಯಲ್ಲಿ. ರೋಗಿಯ ಹತ್ತಿರ ಒಬ್ಬರಿಗೆ ಮಾತ್ರ ಇರಲು ಬಿಡುತ್ತಿದ್ದರು. ಸುನಂದಾ ಉಳಿದಳು, ಅಪ್ಪನನ್ನು ಗದರಿಸಿ ನನ್ನ ಜೊತೆ ಊರಿಗೆ ಕಳಿಸಿದಳು. ಬಳ್ಳಿ ಕತ್ತರಿಸುವ ಚಾಟಣಿ ಆಗಷ್ಟೇ ಮುಗಿದಿತ್ತು, ತೋಟಕ್ಕೆ ನೀರು ಬೇಕಿತ್ತು. ಅತ್ತೆಯ ಫೋನು ಮಾತ್ರ ಮಿರಜದಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಶೆಡ್ಡಿನ ಬಲ್ಬು ಹತ್ತಿತು. ಮೋಟರ್ ಸುಮ್ಮನಿತ್ತು. ಮಾಮಾ ಪೆಟ್ಟಿಗೆಯ ಮುಂದೆ ಟವೆಲ್ ಹಾಸಿ ಕೂತರು.

“ಮಾಮಾ, ಕೈಲೆ ಒತ್ರಿ. ಬಳ್ಳಿ ಬಾಡಾಕತ್ತಾವು.”

“ಅದರ ಮಾಲಕರು ಮಿರಜದಾಗ ಅದಾರ.”

“ಚ್ಯಾಷ್ಟಿ ಮಾಡೂ ಹೊತ್ತೇನ್ರಿ ಇದು?”

ನಾನು ಸುನಂದಾಳಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಪೆಟ್ಟಿಗೆಯಲ್ಲಿ ಕಟ್ ಎಂದಿತು, ಮೋಟರ್ ಗುಂಯ್ ಎಂದಿತು. ನಾನು ಜಿಗಿದು ಎದ್ದೆ. ಮಾಮಾ ಅವಸರ ಮಾಡಲಿಲ್ಲ. “ಮಗಳು ಒತ್ತಿರಬೇಕು” ಎಂದು ಸಲಿಕೆ ಹಿಡಿದು ಹೋದರು. ಅದು ನಿಜವೇ. ತೋಟದ ನೆನಪಾಗಿ ತಾನೇ ಒತ್ತಿದೆನೆಂದು ಸುನಂದಾ ಆಮೇಲೆ ಹೇಳಿದಳು.

ಬಿಸಿಲು ನೆತ್ತಿಗೆ ಬಂತು. ನಾನು ಊಟಕ್ಕೆ ಕರೆದೆ. “ಬಂದೆ” ಎಂದರು. ಬರಲಿಲ್ಲ.

ನೀರು ನಿಂತಿತು.

ಸಾಲಿನ ಆ ತುದಿಯಲ್ಲಿ ಮಾಮಾ ತಲೆ ಎತ್ತಿ, ಕಿವಿಗೊಟ್ಟು ನಿಂತದ್ದು ನನಗೆ ಇವತ್ತಿಗೂ ಕಾಣುತ್ತದೆ. ಇದೊಂದನ್ನು ನಾನು ಹೊಸದಾಗಿ ಹುಟ್ಟಿಸಿಲ್ಲ. ಬಲ್ಬು ನೋಡೋಣವೆಂದು ನಾನು ಶೆಡ್ಡಿನ ಕಡೆ ಹೆಜ್ಜೆ ಹಾಕಿದೆ. ಆರಿದ್ದರೆ ಬರೀ ಕರೆಂಟ್ ಹೋಗಿದೆ, ಅಷ್ಟೇ. ಮಾಮಾ ನನ್ನ ತೋಳು ಹಿಡಿದರು.

“ನಡಿ ಅಳಿಯಾ, ಊಟಕ್ಕ ಕರದಾಳ.”

ಅತ್ತೆ ಮನೆಗೆ ಮರಳಿದ ಮೇಲೆ, ಆ ಮಧ್ಯಾಹ್ನ ನೀರು ನಿಲ್ಲಿಸಿದ್ದು ನೀವೇನಾ ಎಂದು ಕೇಳಿದೆ. “ನನಗೇನ ನೆನಪೈತೋ? ಔಷಧದ ನಶೆದಾಗ ಇದ್ದೆ. ಕೈಯಾಗ ಫೋನ್ ಇತ್ತು ಅಂತಾಳ ಸುನಂದಾ” ಎಂದರು. ಕೈಯಲ್ಲಲ್ಲ, ದಿಂಬಿನ ಕೆಳಗೆ ಎನ್ನುತ್ತಾಳೆ ಸುನಂದಾ. ನಾನಂತೂ ಬಲ್ಬು ನೋಡಲಿಲ್ಲ. ನೋಡಿ ಮರೆತಿರಲೂಬಹುದು.

ಅವತ್ತು ನೆರೆಮನೆಯಿಂದ ಬಂದ ರೊಟ್ಟಿಯನ್ನು ಮಾಮಾ ಚೂರೂ ಬಿಡದೆ ಉಂಡರು. ಕೈ ತೊಳೆದರು. ಫೋನ್ ತೆಗೆದು ಹಿತ್ತಲ ಕಡೆ ಹೊರಟರು.

“ಎಲ್ಲಿಗ್ರಿ? ಕಟ್ಟಿ ಈ ಕಡೆ ಐತಿ!”

“ಅಕಿ ಇರೂ ಕಡಿಂದ ಹಚ್ಚತೀನಿ.”

ಎಮ್ಮೆಯ ಪಕ್ಕ ನಿಂತರು. ಟುಂಯ್ ಎಂದು ಸ್ವಾಗತ ಬರುವ ತನಕ ಕಾದರು. ಆಮೇಲೆ, ಉಂಡೆನೆಂದು ಅತ್ತೆಗೆ ತಿಳಿಯಲಿ ಎಂದು, ಒಂದು ಮಿಸ್ ಕಾಲ್ ಕೊಟ್ಟರು.