ಚೀಟಿ ಬೀಳದ ಮನೆ

ಗಂಡನನ್ನು ಹೊಗಳಿ ಬರೆಯುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಗುಮಾನಿ. ಹೊಸ ಸೀರೆ ಬೇಕಾಗಿರಬೇಕು, ಇಲ್ಲವೇ ತವರಿಗೆ ಹೋಗಲು ಪರವಾನಗಿ ಬೇಕಾಗಿರಬೇಕು ಅಂದುಕೊಳ್ಳುತ್ತಿದ್ದೆ. ಈಗ ನಾನೇ ಆ ಕೆಲಸಕ್ಕೆ ಕೂತಿದ್ದೇನೆ. ಸೀರೆ ಮೊನ್ನೆಯಷ್ಟೇ ಬಂದಿದೆ. ತವರು ನಿಪ್ಪಾಣಿ, ಚಿಕ್ಕೋಡಿಯಲ್ಲಿ ಬಸ್ಸು ಹತ್ತಿ ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ತಂಬಾಕಿನ ಘಾಟು ಮೂಗಿಗೆ ಬಡಿದು ಸೀನು ಬರುತ್ತದೆ. ಅಲ್ಲಿಗೆ ಹೋಗಲು ನಾನು ಯಾರ ಪರವಾನಗಿಯನ್ನೂ ಕೇಳಿದವಳಲ್ಲ. ಹೀಗಾಗಿ ನನ್ನ ಹೊಗಳಿಕೆಯನ್ನು ಓದುವವರು ಧೈರ್ಯವಾಗಿ ನಂಬಬಹುದು.

ನಮ್ಮವರು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಡಾಕ್ಟರನ್ನು ಮದುವೆಯಾದರೆ ಮನೆಯಲ್ಲಿ ಔಷಧ ಇರುತ್ತದೆ, ವಕೀಲರನ್ನು ಮದುವೆಯಾದರೆ ವಾದ ಇರುತ್ತದೆ. ಸಮಾಜಶಾಸ್ತ್ರದವರನ್ನು ಮದುವೆಯಾದರೆ ಏನಿರುತ್ತದೆ ಎನ್ನುವುದು ನನಗೆ ತಿಳಿದದ್ದು ಹಾಲು ಉಕ್ಕಿದ ದಿನ. ರಾಯಬಾಗದಿಂದ ನಮ್ಮ ಅತ್ತೆ ಬಂದಿದ್ದರು. ಒಲೆಯ ಮೇಲೆ ಹಾಲಿಟ್ಟು ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ, ಅತ್ತೆ ಪಡಸಾಲೆಯಲ್ಲಿ ಮೆಂತ್ಯೆ ಸೋಸುತ್ತಿದ್ದರು, ಇವರು ಅಡುಗೆಮನೆಯ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು. ಹಾಲು ಉಕ್ಕಿ ಹರಿದು ಒಲೆ ತಾನಾಗಿಯೇ ಆರಿತು. ನಾನು ಓಡಿ ಬಂದು, “ಕಣ್ಣ ಮುಂದ ಉಕ್ಕಿದ್ರೂ ಒಲಿ ಆರಸಾಕ ಆಗ್ಲಿಲ್ಲೇನ್ರಿ?” ಎಂದೆ. “ವಾಸನಿ ಬಂದ ಮ್ಯಾಲ ಮೊದಲ ಯಾರ ಏಳ್ತೀರಿ, ಅತ್ತಿನೋ ಸೊಸಿನೋ ಅಂತ ನೋಡಾಕತ್ತಿದ್ದೆ. ನಾ ಕೈ ಹಾಕಿದ್ರ ಖರೇ ಸಂಗತಿ ಗೊತ್ತಾಗೂದಿಲ್ಲ” ಎಂದರು, ತುಂಬ ಮರ್ಯಾದೆಯಿಂದ. ಅತ್ತೆ ಸೊಪ್ಪು ಕೆಳಗಿಟ್ಟು, “ಇವನ ಶಾಣ್ಯಾತನಕ್ಕ ಬೆಂಕಿ ಹಚ್ಚ” ಎಂದರು. ಅತ್ತೆ-ಸೊಸೆ ಒಂದೇ ಅಭಿಪ್ರಾಯಕ್ಕೆ ಬಂದ ಆ ಅಪರೂಪದ ಗಳಿಗೆಯನ್ನೂ ಇವರು ಆಸಕ್ತಿಯಿಂದ ನೋಡಿದರು.

ಇಂಥವರು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ, ರೈತ ಕುಟುಂಬಗಳಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಯಾರು ಎನ್ನುವುದು. ಕಬ್ಬು ಹಚ್ಚುವುದೋ ದ್ರಾಕ್ಷಿ ಹಚ್ಚುವುದೋ, ಮಗಳನ್ನು ಓದಿಸುವುದೋ ಕೊಡುವುದೋ, ಮನೆ ಒಡೆಯುವುದೋ ಕೂಡಿರುವುದೋ, ಇದನ್ನೆಲ್ಲ ಹೇಳುವವರು ಯಾರು? “ಇದಕ್ಕ ಅಷ್ಟ ದೂರ ಯಾಕ ಹೋಗ್ತೀರಿ, ನನ್ನ ಕೇಳ್ರಿ” ಎಂದೆ. ಸ್ವಂತ ಮನೆಯ ಬಗ್ಗೆ ಪೂರ್ವಗ್ರಹ ಇರುತ್ತದೆ ಎಂದು ಅಥಣಿ ತಾಲ್ಲೂಕಿನ ಐಗಳಿಯನ್ನು ಆರಿಸಿದರು. ಅಲ್ಲಿಯ ಒಂದು ಓಣಿಯ ಮನೆಗಳ ಹೆಸರುಗಳನ್ನೆಲ್ಲ ಚೀಟಿಯಲ್ಲಿ ಬರೆದು, ನನ್ನ ಹಪ್ಪಳದ ಡಬ್ಬಿ ಖಾಲಿ ಮಾಡಿಸಿ, ಅದರಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಎತ್ತಲು ನನಗೇ ಹೇಳಿದರು. ಬಿದ್ದ ಚೀಟಿಯ ಮನೆಗೆ ಮಾತ್ರ ಹೋಗುವುದು, ಉಳಿದದ್ದನ್ನು ಬಿಡುವುದು. “ಚೀಟಿಗಿ ಯಾರ ಮುಲಾಜೂ ಇಲ್ಲ ನೋಡು. ದೊಡ್ಡ ತ್ವಾಟದವರಿಗೂ ಅಷ್ಟ, ಕೂಲಿ ಮಾಡವರಿಗೂ ಅಷ್ಟ” ಎನ್ನುವಾಗ ಇವರ ಮುಖ ನೋಡಬೇಕಿತ್ತು. ಬೇರೆ ಗಂಡಸರು ಹೊಸ ಮೋಟಾರ್ ಸೈಕಲ್ಲಿನ ಬಗ್ಗೆ ಮಾತಾಡುವಾಗ ಅಂಥ ಬೆಳಕು ಬರುತ್ತದೆ. ಹಪ್ಪಳ ಮೆತ್ತಗಾದ ದುಃಖವನ್ನು ನಾನು ಅಲ್ಲಿಗೇ ಮರೆತೆ.

ಐಗಳಿಗೆ ನಾನೂ ಹೋಗಬೇಕಾಯಿತು. ಇವರೊಬ್ಬರೇ ಹೋಗಿ ಕೇಳಿದರೆ ಹೆಂಗಸರು “ನಮ್ಮನಿಯವರ್ನ ಕೇಳ್ರಿ” ಎಂದು ಒಳಗೆ ಹೋಗಿಬಿಡುತ್ತಿದ್ದರು. ಉಗಾರದ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ, ಅಥಣಿಯಲ್ಲಿ ಬಸ್ಸು ಬದಲಿಸಿ ಹೋದರೆ ಮೊದಲ ಮನೆಯಲ್ಲೇ ಗೊಂದಲ. ಉತ್ತರ ಕೊಡುವವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ಇವರ ಮಾರ್ಗದರ್ಶಕರು ತಾಕೀತು ಮಾಡಿದ್ದರು. ಆದರೆ ಮೊದಲ ಸಲ ಮನೆಗೆ ಬಂದ ಮುತ್ತೈದೆಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬದೆ ಕಳಿಸುವುದುಂಟೇ? ಇವರು ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದರು, ನಾನು ಸೆರಗು ಒಡ್ಡುತ್ತಿದ್ದೆ. ಶಾಸ್ತ್ರ ಇವರದು, ಸೆರಗು ನನ್ನದು.

ನಿಜವಾದ ಪೇಚು ಬಂದದ್ದು ಒಂದು ಗೋಡೆಯ ಎರಡು ಮಗ್ಗುಲ ಮನೆಗಳಲ್ಲಿ. ಅಣ್ಣ-ತಮ್ಮ ಬೇರೆಯಾಗಿ, ದೊಡ್ಡ ಮನೆಯ ನಟ್ಟನಡುವೆ ಗೋಡೆ ಹಾಕಿಸಿಕೊಂಡಿದ್ದರು. ಈ ಕಡೆ ಅಣ್ಣನ ಹೆಂಡತಿ ಕಮಲವ್ವ, ಆ ಕಡೆ ತಮ್ಮನ ಹೆಂಡತಿ ಸುಶೀಲಾ. ನೆಗೆಣ್ಣಿಯರ ನಡುವೆ ಮಾತಿಲ್ಲ. ನನ್ನ ಕೈಗೆ ಬಂದದ್ದು ಸುಶೀಲಾಳ ಮನೆಯ ಚೀಟಿ. ಅವಳ ಬಾಗಿಲಿಗೆ ಹೊರಟವರನ್ನು ಕಮಲವ್ವ ತನ್ನ ಕಟ್ಟೆಯ ಮೇಲಿಂದಲೇ ತಡೆದಳು. “ಯಾಕ್ರಿ ಮಾಸ್ತರ, ನಮ್ಮ ಮನ್ಯಾಗ ಮಂದಿ ಇಲ್ಲೇನ್ರಿ?”

ಇವರು ಬಿಸಿಲಲ್ಲಿ ನಿಂತೇ ಪಾಠ ಶುರು ಮಾಡಿದರು. “ಹಂಗಲ್ರಿ ಅಕ್ಕಾರ. ದ್ರಾಕ್ಷಿ ಪಡದಾಗ ವ್ಯಾಪಾರಿ ಬಂದ್ರ ಎಲ್ಲಾ ಗೊನಿ ತಿಂದ ನೋಡ್ತಾನೇನ್ರಿ? ಅಲ್ಲೊಂದು ಇಲ್ಲೊಂದು ಬಾಯಾಗ ಹಾಕ್ಕೊಂಡು ಇಡೀ ತ್ವಾಟದ ರುಚಿ ಹೇಳ್ತಾನಲ್ರಿ?”

“ಅಂದ್ರ ನಮ್ಮ ಗೊನಿ ಬಾಯಾಗ ಹಾಕ್ಕೊಳ್ಳಾಕ ಲಾಯಕ್ಕಿಲ್ಲ ಅಂದಂಗಾತು” ಎಂದು ಕಮಲವ್ವ ಒಳಗೆ ಹೋದಳು.

ಸುಶೀಲಾಳಾದರೂ ಕರೆದಾಳು ಎಂದರೆ ಅವಳು ಹೊಸ್ತಿಲಲ್ಲೇ ನಿಂತು, “ಹಿರೇರ ಮನಿ ದಾಟಿ ನಮ್ಮ ಮನಿಗಿ ಬರಬ್ಯಾಡ್ರಿ. ಮಾತ ಬಿಟ್ಟೇವಿ ಖರೆ, ಮಾನ ಬಿಟ್ಟಿಲ್ಲ” ಎಂದಳು. ಮುಂದಿನ ಸಲ ಹೋದಾಗ ಇಡೀ ಓಣಿಗೆ ಪುರಸೊತ್ತಿರಲಿಲ್ಲ. ಒಬ್ಬಳಿಗೆ ನೀರು ತರುವುದಿತ್ತು, ಒಬ್ಬಳಿಗೆ ಹಲ್ಲುನೋವು, ಒಬ್ಬಳು ನಮ್ಮನ್ನು ಕಂಡೊಡನೆ ಎಮ್ಮೆಗೆ ಸ್ನಾನ ಮಾಡಿಸತೊಡಗಿದಳು. ಕಾಲೇಜು ಕೊಟ್ಟ ರಜೆ ಮುಗಿಯುತ್ತ ಬಂದಿತ್ತು. ಈ ಓಣಿ ಕೈಬಿಟ್ಟರೆ ಇವರು ಇಷ್ಟು ವರ್ಷ ಓದಿದ್ದು, ಅಲೆದದ್ದು, ಎಲ್ಲಾ ನೀರಲ್ಲಿ ಹೋಮ. ಬಸ್ಸಿನಲ್ಲಿ ಇವರ ಜೋಲುಮುಖ ನೋಡಲಾರದೆ, “ನಾವ ಕೂತು ಉತ್ತರ ತುಂಬೂಣ್ರಿ. ಹೆಂಗಸರು ಏನ ಅಂತಾರ ಅಂತ ನಂಗ ಗೊತ್ತಿಲ್ಲೇನು? ಯಾರ ನೋಡ್ತಾರ?” ಎಂದೆ. ಇವರು ಸಿಟ್ಟಾಗಲಿಲ್ಲ. “ಯಾರೂ ನೋಡೂದಿಲ್ಲ. ಆದ್ರ ಆಮ್ಯಾಲ ಪಾಠಾ ಹೇಳಾಕ ನಾ ಯಾವ ಬಾಯಿಲೆ ನಿಲ್ಲಲಿ?” ಎಂದು ಕಿಟಕಿಯ ಹೊರಗೆ ನೋಡತೊಡಗಿದರು. ಪಿಎಚ್‌ಡಿ ಬಿಡಲು ಸಿದ್ಧ, ಒಂದು ಸುಳ್ಳು ಉತ್ತರ ಬರೆಯಲು ಸಿದ್ಧರಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ನನಗೆ ಇವರ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದ್ದು ಆ ಬಸ್ಸಿನಲ್ಲಿ, ಹೇಳಲು ನನಗೇನೂ ನಾಚಿಕೆಯಿಲ್ಲ.

ಕೊನೆಗೆ ದಾರಿ ಹುಡುಕಿದವರೂ ಇವರೇ. ಚೀಟಿ ಬಿದ್ದ ಮನೆಗೆ ಪ್ರಶ್ನೆ ಕೇಳಲು ಹೋಗುವುದು, ಚೀಟಿ ಬೀಳದ ಮನೆಗೆ ಬರೇ ಚಹಾಕ್ಕೆ ಹೋಗುವುದು! ಎಲ್ಲಾ ಮನೆ ಸುತ್ತುವ ಶ್ರಮ ತಪ್ಪಲಿ ಎಂದು ಚೀಟಿ ಹಾಕಿದ ಮನುಷ್ಯ ಒಂದು ಮನೆಯನ್ನೂ ಬಿಡದೆ ಸುತ್ತಿದರು. ಹಾಲಿನ ಚಹಾ, ಬೆಲ್ಲದ ಚಹಾ, ಶುಂಠಿ ಚಹಾ ಕುಡಿದು ಕುಡಿದು ಹೊಟ್ಟೆಯಲ್ಲಿ ಉರಿ ಎದ್ದು, ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಮಜ್ಜಿಗೆ ಹುಡುಕಿಕೊಂಡು ಓಡುತ್ತಿದ್ದರು.

ಮೊದಲು ಹೋದದ್ದು ಕಮಲವ್ವನಲ್ಲಿಗೆ. ಇವರು ಪೆನ್ನನ್ನು ಚೀಲದೊಳಗೆ ಹಾಕಿ, ಚೀಲವನ್ನು ಬಾಗಿಲ ಹೊರಗೆ ಇಟ್ಟು ಕೂತರು. ಕಮಲವ್ವ ಬಹಳ ಹೊತ್ತು ಬಿಮ್ಮಗೆ ಇದ್ದಳು. ಅವಳ ಗಂಡ ತೋಟದ ಕಡೆ ಎದ್ದು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ, “ಈ ಗೋಡಿ ನಮ್ಮನಿಯವ್ರು ಹಾಕಿಸಿದ್ರು ಅಂತ ಊರ ಮಂದಿ ತಿಳಕೊಂಡೈತ್ರಿ. ಅವ್ರಿಗಿ ಮನಸ ಇರ್ಲಿಲ್ಲ. ಸಿಟ್ಟಿನಾಗ ನಾನ ಹಟಾ ಹಿಡದ ಹಾಕಸೇನಿ. ಈಗ ಅಕಿ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ನನ್ನ ಕೈ ನಿಂತ ಬಿಡತಾವ” ಎಂದಳು. ಬೇರೆ ಮಾತಿಗೆ ಕಣ್ಣಿಗೆ ಸೆರಗು ಹಚ್ಚುವವಳಲ್ಲ ಅವಳು. ಆವತ್ತು ಹಚ್ಚಿದಳು.

ಒಂದು ಮನೆಯ ಅತಿ ದೊಡ್ಡ ನಿರ್ಧಾರ ಯಾರದು ಎನ್ನುವ ಉತ್ತರ, ಇವರು ಇಷ್ಟು ದಿನ ಅಲೆದು ಹುಡುಕುತ್ತಿದ್ದದ್ದು, ಬಸಿಯಲ್ಲಿಯ ಚಹಾದ ಜೊತೆ ಬಂದು ಕೂತಿತ್ತು. ನಾನು ಮರಾಠಿಯಲ್ಲಿ “ಲಿಹೂನ ಘ್ಯಾನಾ” ಎಂದು ಪಿಸುಗುಟ್ಟಿದೆ. ಬರೆದುಕೊಳ್ಳಿ ಎಂದು. ನಿಪ್ಪಾಣಿಯವರಾದ ನಮಗೆ ಅವಸರಕ್ಕೆ ಮರಾಠಿಯೇ ಬರುವುದು. ಆ ಸೀಮೆಯಲ್ಲಿ ಮರಾಠಿ ಎಲ್ಲರಿಗೂ ಬರುತ್ತದೆ ಎನ್ನುವುದು ಆಗ ನೆನಪಾಗಲಿಲ್ಲ. ಕಮಲವ್ವ ನನ್ನ ಮುಖ ನೋಡಿದಳು. ಇವರು ಅವಳಿಗೆ ಕೇಳುವಂತೆಯೇ ಹೇಳಿದರು: “ಅಕ್ಕಾರು ನನಗ ಹೇಳ್ಯಾರ, ಪಿಎಚ್‌ಡಿಗಿ ಹೇಳಿಲ್ಲ.”

ಎದ್ದು ಹೊರಟಾಗ ಕಮಲವ್ವ ಒಂದು ಬಟ್ಟಲ ತುಂಬ ಶೇಂಗಾ ಹೋಳಿಗೆ ತಂದು, “ಹೆಂಗೂ ಆ ಕಡೆ ಹೊಂಟೀರಿ. ಅಕಿಗಿ ಕೊಡ್ರಿ. ಯಾರ ಕೊಟ್ರು ಅಂತ ಹೇಳಬ್ಯಾಡ್ರಿ” ಎಂದಳು. ಕ್ಷೇತ್ರಕಾರ್ಯದಲ್ಲಿ ಹೀಗೆ ಎರಡು ಮನೆಗಳ ನಡುವೆ ಕೈ ಹಾಕುವುದಕ್ಕಿಂತ ದೊಡ್ಡ ಅಪರಾಧವಿಲ್ಲವಂತೆ. ನಾನು ಬಟ್ಟಲು ತೆಗೆದುಕೊಳ್ಳಲು ಕೈ ಚಾಚುವಷ್ಟರಲ್ಲಿ, ಉಕ್ಕುವ ಹಾಲಿಗೆ ಕೈ ಹಾಕದ ಮನುಷ್ಯ ತಾವೇ ಎರಡೂ ಕೈಯಿಂದ ತೆಗೆದುಕೊಂಡರು. ಆ ಕಡೆಯ ಮನೆಯಲ್ಲಿ ಸುಶೀಲಾ ಒಂದು ಮುರುಕು ಬಾಯಿಗೆ ಹಾಕಿ, “ಜಾಜಿಕಾಯಿ ಜಾಸ್ತಿ ಆಗೇತಿ. ಅಕ್ಕಂದ ಇದು” ಎಂದು ಅಲ್ಲೇ ಕೂತುಬಿಟ್ಟಳು. ಆಮೇಲೆ ಇವರ ಪ್ರಶ್ನೆಗಳಿಗೆಲ್ಲ ಸಮಾಧಾನವಾಗಿ ಉತ್ತರ ಹೇಳಿದಳು. ಓಣಿಯವರಿಗೆಲ್ಲ ಪುರಸೊತ್ತು ಬಂತು, ಎಮ್ಮೆಯ ಸ್ನಾನವೂ ಮುಗಿಯಿತು.

ಪ್ರಬಂಧದಲ್ಲಿ ಇವರು ಗೋಡೆಯ ಮಾತು ಬರೆಯಲಿಲ್ಲ, ಆದರೆ ಸಂಶೋಧಕನು ಒಂದು ಮನೆಯಿಂದ ಇನ್ನೊಂದು ಮನೆಗೆ ಬಟ್ಟಲೊಂದನ್ನು ಸಾಗಿಸಿದ್ದು ಉತ್ತರಗಳ ಮೇಲೆ ಪರಿಣಾಮ ಬೀರಿರಬಹುದು ಎಂದು ಪ್ರಾಮಾಣಿಕವಾಗಿ ಬರೆದರು. ಮೌಖಿಕ ಪರೀಕ್ಷೆಗೆ ಬಂದ ದೊಡ್ಡ ವಿದ್ವಾಂಸರು ಬಹಳ ಗಂಭೀರವಾಗಿ ಬಟ್ಟಲಲ್ಲಿ ಏನಿತ್ತು ಎಂದು ಕೇಳಿದರಂತೆ. ಹೋಳಿಗೆ ಎಂದೊಡನೆ ನಕ್ಕು ಡಾಕ್ಟರೇಟ್ ಕೊಟ್ಟರು.

ಇದನ್ನೆಲ್ಲ ಬರೆದು ಇವರಿಗೆ ಓದಲು ಕೊಟ್ಟೆ. ಹೊಗಳಿಕೆಗೆ ಮುಖ ಅರಳೀತು ಎಂದು ಕಾದರೆ, ಕೇಳಿದ್ದು ಒಂದೇ ಮಾತು: “ಕಮಲವ್ವನ್ನ ಕೇಳಿದಿಯೇನು?” ಹೆಸರು ಬದಲಿಸಿದ್ದೇನೆ ಎಂದೆ. “ಹೆಸರ ಬದಲ ಮಾಡಿದ್ರ ದುಃಖ ಅಕಿದು ಅಲ್ಲ ಅಂದಂಗಾತೇನು?” ಎಂದರು. ಒಲೆಯ ಮೇಲೆ ಹಾಲಿಟ್ಟು ಐಗಳಿಗೆ ಫೋನ್ ಮಾಡಿದೆ.

“ಗೋಡಿ ಮಾತೂ ಹಾಕೀರೇನ್ರಿ?” ಎಂದಳು ಕಮಲವ್ವ. ಹಾಕಿದ್ದೇನೆ ಎಂದೆ. “ಇರ್ಲಿ ಬಿಡ್ರಿ. ಆದ್ರ ಸುಶೀಲಾನ ಸುದ್ದಿನೂ ಹಾಕ್ರಿ. ನಮ್ಮ ಮನಿದಷ್ಟ ಬರದು ಅಕಿ ಮನಿ ಬಿಟ್ರ ಚಲೋ ಕಾಣೂದಿಲ್ಲ.” ಅಷ್ಟರಲ್ಲಿ ಅವಳ ಹಿಂದಿನಿಂದ ಇನ್ನೊಂದು ದನಿ: “ಯಾರದಕ್ಕಾ ಫೋನು?” ಕಮಲವ್ವ ಅತ್ತ ತಿರುಗಿ, “ಮಾಸ್ತರ ಹೆಂಡ್ತಿದು. ಆ ಗೋಡಿ... ಅದನ್ನ ಹಾಕಿಸಿದಾಕಿ ನಾನ, ನಿಮ್ಮ ಭಾವಾ ಅಲ್ಲ” ಎಂದದ್ದು ನನಗೆ ಕೇಳಿಸಿತು. “ಅಯ್ಯ, ಅವತ್ತ ಗೊತ್ತಿತ್ತ ತಗೋ. ಭಾವಗ ಅಷ್ಟ ಧೈರ್ಯ ಎಲ್ಲಿ ಐತಿ!” ಎಂದಳು ಸುಶೀಲಾ.

ಆಮೇಲೆ ಇಬ್ಬರೂ ನನ್ನನ್ನು ಮರೆತರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಒಲೆಯ ಮುಂದೆಯೇ ನಿಂತೆ. ಇವರು ಓಡಿ ಬಂದು ಒಲೆ ಆರಿಸಿದರು, ಆದರೆ ಹಾಲು ಅಷ್ಟೊತ್ತಿಗೆ ಕಟ್ಟೆಯಿಂದ ಕೆಳಗೆ ಇಳಿದಾಗಿತ್ತು.

“ಕಣ್ಣ ಮುಂದ ಉಕ್ಕಿದ್ರೂ ಒಲಿ ಆರಸಾಕ ಆಗ್ಲಿಲ್ಲೇನು?” ಎಂದರು.

“ಶ್! ಸುಮ್ನಿರ್ರಿ” ಎಂದೆ. “ಮೊದಲ ಯಾರ ನಗ್ತಾರ ಅಂತ ಕೇಳಾಕತ್ತೇನಿ.”