ನಮ್ಮ ಮನೆಗೆ ಮುಗಿಬಿದ್ದ ಗಿರಾಕಿಗಳು

ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕೂತು ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದೇನೆ. ಒಳಗೆ ಕಾಲಿಟ್ಟವರ ಕಣ್ಣು ನೋಡಿದರೆ ಸಾಕು, ಇವರು ಕೊಳ್ಳುವವರೋ, ಇದ್ದಬದ್ದ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿ ಕನ್ನಡಿ ನೋಡಿಕೊಂಡು ಹೋಗುವವರೋ ಎಂದು ಹೇಳಿಬಿಡುತ್ತೇನೆ. (ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಅವಳು ಒಪ್ಪದ ವಿಷಯಗಳ ಪಟ್ಟಿ ದೊಡ್ಡದು, ಅದು ಈಗ ಬೇಡ.)

ಅಂಥ ನಾನು ಮನೆ ಮಾರಲು ಹೊರಟೆ. ಕಾರಣ, ಅವಳ ಮಂಡಿ. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ, ಅರವತ್ತೆರಡು ಮೆಟ್ಟಿಲು. ಎಣಿಸಿದವಳು ಅವಳೇ. ಪ್ರತಿ ಸಲ ಹತ್ತಿ ಬಂದು ಸೋಫಾದ ಮೇಲೆ ಕುಸಿದಾಗಲೂ ನನ್ನ ಮುಖ ನೋಡಿ "ಅರವತ್ತೆರಡು" ಎನ್ನುತ್ತಾಳೆ, ನಾನೇ ನಿಂತು ಒಂದೊಂದಾಗಿ ಕಟ್ಟಿಸಿದೆನೇನೋ ಎಂಬಂತೆ. ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಅವಳಿಗೆ ಒಪ್ಪಿಗೆಯಾಯಿತು. ಅದರ ಮಾಲೀಕರು ಆರು ತಿಂಗಳು ಕಾಯುತ್ತೇವೆ ಎಂದರು. ಅಷ್ಟರೊಳಗೆ ನಮ್ಮದು ಮಾರಾಟವಾಗಬೇಕು.

ಮನೆಗಳ ವ್ಯಾಪಾರ ನೆಲಕಚ್ಚಲು ಇದೇ ಮುಹೂರ್ತ ಬೇಕಿತ್ತೆ?

"ಈಗ ಯಾರೂ ಮನೆ ತಗೊಳ್ತಿಲ್ಲ ಸಾರ್, ಬರೀ ನೋಡ್ಕೊಂಡು ಹೋಗ್ತಾರೆ" ಎಂದ ದಲ್ಲಾಳಿ. ನಮಗೆ ಆ ಭಾಗ್ಯವೂ ಇರಲಿಲ್ಲ. ಐದು ತಿಂಗಳಲ್ಲಿ ಬಂದವರು ಮೂರೇ ಜನ. ಅದರಲ್ಲೊಬ್ಬರು ಎರಡನೇ ಮಹಡಿಯಲ್ಲೇ ಕಂಬಿ ಹಿಡಿದು ನಿಂತು, "ಮನೆ ಚೆನ್ನಾಗೇ ಇರಬಹುದು ಬಿಡಿ" ಎಂದು ಇಳಿದು ಹೋದರು. ಆ ಎರಡನೇ ಮಹಡಿಯವರೂ ಬಾಗಿಲಿಗೆ 'ಮಾರಾಟಕ್ಕಿದೆ' ಎಂದು ಬೋರ್ಡು ತಗುಲಿಸಿದ್ದರು. ಅಂದಿನಿಂದ ಅವರಿಗೂ ನಮಗೂ ಮಾತು ಕಡಿಮೆ.

ಆಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದ ಫ್ರೇಮನ್ನು ಒಬ್ಬರು ಕೈಗೆತ್ತಿಕೊಂಡರೆ ಪಕ್ಕದಲ್ಲಿ ನಿಂತವರಿಗೂ ಅದೇ ಬೇಕೆನಿಸುತ್ತದೆ. ಮನೆಯಾದರೂ ಅಷ್ಟೇ ತಾನೆ? ಭಾನುವಾರ ಹನ್ನೊಂದಕ್ಕೆ ದಲ್ಲಾಳಿ ಒಬ್ಬ ಗಂಡ ಹೆಂಡತಿಯನ್ನು ಕರೆತರುವವನಿದ್ದ. ನಮ್ಮಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವವನನ್ನು ಕರೆದು, ಅದೇ ಹೊತ್ತಿಗೆ ಗಿರಾಕಿಯಾಗಿ ಬಾ ಎಂದೆ.

"ನನಗೆ ಸುಳ್ಳು ಹೇಳೋಕೆ ಬರಲ್ಲ ಸಾರ್."

"ಸುಳ್ಳು ಯಾರು ಹೇಳು ಅಂದ್ರು? ಒಂದು ಬೆಲೆ ಹೇಳು, ಆಮೇಲೆ ಗೋಡೆ ಮುಟ್ಟಿ ತಲೆಯಾಡಿಸು ಸಾಕು."

ಭಾನುವಾರ ಬಂತು. ಮಲಗುವ ಕೋಣೆಯ ಗೋಡೆಯಲ್ಲಿ ನೀರು ಜಿನುಗಿ ಆಗಿದ್ದ ಕಲೆಗೆ ಬೀರು ಅಡ್ಡ ನಿಲ್ಲಿಸಿದೆವು. ಹನ್ನೊಂದಕ್ಕೆ ಸರಿಯಾಗಿ ಆ ದಂಪತಿ ಏದುಸಿರು ಬಿಡುತ್ತಾ ಬಂದರು, ಹಿಂದೆ ದಲ್ಲಾಳಿ, ಅವನ ಹಿಂದೆ ನಮ್ಮ ಗಾಜಿನವನು. ಅವನ ಹಿಂದೆ ಕಪ್ಪು ಕನ್ನಡಕ ಹಾಕಿದ ಇನ್ನೊಬ್ಬ. ಆ ಕನ್ನಡಕ ನನ್ನ ಅಂಗಡಿಯದು, ನೆಂಟರ ದರದಲ್ಲಿ, ಅಂದರೆ ಪುಕ್ಕಟೆ ಹೋದದ್ದು. ಹಾಕಿಕೊಂಡವನು ನನ್ನ ಹೆಂಡತಿಯ ತಮ್ಮ.

"ನಮಸ್ಕಾರ. ತಾವೇ ಮಾಲೀಕರೋ?" ಎಂದು ನನ್ನನ್ನೇ ಕೇಳಿದ.

ಹೆಂಡತಿಯನ್ನು ಅಡುಗೆಮನೆಗೆ ಕರೆದೆ.

"ನಿನ್ನ ತಮ್ಮ ಯಾಕೆ ಬಂದ?"

"ನಿಮ್ಮ ಗಾಜಿನವನು ಯಾಕೆ ಬಂದ್ನೋ ಅದಕ್ಕೇ."

ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ವಿಚಾರ ಹೊಳೆದಿತ್ತು. ನನಗೆ ಅವಳ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು. ಹೇಳಲು ಸಮಯವಿರಲಿಲ್ಲ, ಹಾಲ್‌ನಲ್ಲಿ ಹರಾಜು ಶುರುವಾಗಿತ್ತು. ದಂಪತಿ ಒಂದು ಬೆಲೆ ಹೇಳಿದರೆ ಗಾಜಿನವನು ಅದರ ಮೇಲೊಂದು ಹೇಳಿ, ಗೋಡೆ ಮುಟ್ಟಿ ತಲೆಯಾಡಿಸುತ್ತಿದ್ದ. "ಅದಕ್ಕಿಂತ ಜಾಸ್ತಿ ನಾನು ಕೊಡ್ತೀನಿ ಭಾವ..." ಎಂದ ನನ್ನ ಭಾವಮೈದುನ, ಕೂಡಲೇ ಕೆಮ್ಮಿದ. ಊರಿಗೆ ಊರೇ ವ್ಯಾಪಾರವಿಲ್ಲದೆ ಮಲಗಿರುವಾಗ ನಮ್ಮ ಹಾಲ್‌ನಲ್ಲಿ ಮಾತ್ರ ಅದು ಎದ್ದು ಕುಣಿಯುತ್ತಿತ್ತು.

ಆಗ ತೆರೆದ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಕಾಣಿಸಿಕೊಂಡರು. ನರೆತ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೊಂದು ಬಟ್ಟೆ ಚೀಲ.

"ಮನೆ ಮಾರಾಟಕ್ಕಿದೆಯಂತೆ?" ಎಂದರು.

"ಇದೆ. ಆದರೆ ಮೆಟ್ಟಿಲು ಬಹಳ."

"ನನಗೆ ಮೆಟ್ಟಿಲು ಅಂದ್ರೆ ಇಷ್ಟ."

ಮೆಟ್ಟಿಲು ಇಷ್ಟವಂತೆ. ಸುಳ್ಳಿಗೂ ಒಂದು ಮಿತಿ ಬೇಡವೇ? ಇದು ನನ್ನ ಹೆಂಡತಿ ಕಲಿಸಿ ಕಳಿಸಿದ ಪಾಠವೇ ಎಂದು ಆ ಕ್ಷಣದಲ್ಲೇ ಗುರುತಿಸಿದೆ. (ಅರವತ್ತೆರಡು ಮೆಟ್ಟಿಲು ಹತ್ತಿ ಬಂದವರಿಗೆ ಏದುಸಿರೇ ಇರಲಿಲ್ಲ ಎಂಬುದನ್ನು ಮಾತ್ರ ಗುರುತಿಸಲಿಲ್ಲ.) ಮಲಗುವ ಕೋಣೆಗೆ ಕರೆದೊಯ್ದು ಕಣ್ಣು ಮಿಟುಕಿಸಿದೆ.

"ನಿಮ್ಮನ್ನ ಯಾರು ಕಳಿಸಿದ್ದು ಅಂತ ನನಗೆ ಗೊತ್ತು ಬಿಡಿ. ನೋಡಿ, ಈ ಬೀರು ಹಿಂದೆ ನೀರು ಜಿನುಗುತ್ತೆ. ಅವರು ಈ ಕಡೆ ಬಂದ್ರೆ ನೀವು ಅಡ್ಡ ನಿಂತ್ಕೊಳ್ಳಿ. ಗಾಳಿ ಬೆಳಕು ಅಂತ ಸ್ವಲ್ಪ ಜೋರಾಗಿ ಹೊಗಳಿ."

ಅವರು ನನ್ನನ್ನೂ ಬೀರುವನ್ನೂ ಒಂದು ನಿಮಿಷ ನೋಡಿದರು. "ಗಾಳಿ ಬೆಳಕು ಚೆನ್ನಾಗಿದೆ" ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಇನ್ನೂ ಜೋರಾಗಿ ಹೇಳಬಹುದಿತ್ತು ಎಂದುಕೊಂಡೆ.

ಬೆಲೆ ನಾವು ಕೇಳಿದ್ದಕ್ಕಿಂತ ಮೇಲಕ್ಕೆ ಹೋದ ಮೇಲೆ ದಂಪತಿ "ಯೋಚನೆ ಮಾಡಿ ಹೇಳ್ತೀವಿ" ಎಂದು ಎದ್ದರು. ಅವರ ಉತ್ತರ ಬರುವ ಮೊದಲೇ, ಸೋಮವಾರ ಅಂಗಡಿಯಲ್ಲಿ ಗಾಜಿನವನು ಬಾಯಿಬಿಟ್ಟ.

"ಆ ಗಂಡ ಹೆಂಡ್ತಿ ನಮ್ಮ ವಠಾರದವರೇ ಸಾರ್. ದಲ್ಲಾಳಿಯ ಅಕ್ಕ, ಭಾವ. ಯಾರೂ ಬರದಿದ್ರೆ ನೀವು ಬೇರೆ ದಲ್ಲಾಳಿ ಹಿಡೀತೀರಿ ಅಂತ ಅವರನ್ನ ಸುತ್ತಾಡಿಸ್ತಾನೆ."

"ನಿನ್ನೆನೇ ಯಾಕೆ ಹೇಳಲಿಲ್ಲ?"

"ಬೆಲೆ ಹೇಳಿ ತಲೆಯಾಡಿಸು ಸಾಕು ಅಂದಿದ್ರಲ್ಲ."

ಕೊಳ್ಳಲಾರದ ಮೂರು ಪಂಗಡದವರು ಒಬ್ಬರ ಮೇಲೊಬ್ಬರು ಬೆಲೆ ಏರಿಸಿದ್ದರು. ಮನೆಗೆ ಬಂದು ಹೆಂಡತಿಗೆ ಹೇಳಿ, ಸಮಾಧಾನಕ್ಕೆ ಒಂದು ಮಾತು ಸೇರಿಸಿದೆ.

"ಹೋಗಲಿ, ನೀನು ಕರೆಸಿದ್ದ ಆ ಅಜ್ಜಿ ಮಾತ್ರ ಪಾಠ ಚೆನ್ನಾಗಿ ಒಪ್ಪಿಸಿದ್ರು."

"ನಾನು ಯಾವ ಅಜ್ಜಿನೂ ಕರೆಸಿಲ್ಲ. ನೀವು ಕರೆಸಿದ್ದು ಅಂದ್ಕೊಂಡೆ."

ಇಬ್ಬರೂ ಬೀರುವಿನ ಕಡೆ ನೋಡಿದೆವು.

ಹದಿನೈದು ದಿನಕ್ಕೆ ಎರಡನೇ ಮಹಡಿಯ ಬೋರ್ಡು ಇಳಿಯಿತು. ಕೊಂಡವರು ಆ ಅಜ್ಜಿಯೇ. ನಿವೃತ್ತ ಡ್ರಿಲ್ ಟೀಚರಂತೆ. ದಿನಾ ಮೆಟ್ಟಿಲು ಹತ್ತಬೇಕೆಂದೇ ಲಿಫ್ಟಿಲ್ಲದ ಮನೆ ಹುಡುಕುತ್ತಿದ್ದರಂತೆ. ಅಂದು ನಮ್ಮ ಮನೆಯಿಂದ ಇಳಿಯುವಾಗ ಆ ಬೋರ್ಡು ಕಣ್ಣಿಗೆ ಬಿತ್ತಂತೆ. ಆರು ತಿಂಗಳೂ ಮುಗಿಯಿತು, ನೆಲಮಹಡಿಯ ಮನೆ ಬೇರೆಯವರ ಪಾಲಾಯಿತು. ಹೆಂಡತಿ ಜಗಳವಾಡುತ್ತಾಳೆಂದು ಕಾದೆ. ಆಡಲಿಲ್ಲ. ಸೋಫಾದಲ್ಲಿ ಕಾಲು ನೀಡಿ ಕೂತು, "ಇನ್ಮೇಲೆ ನಾನು ಇಳಿಯಲ್ಲ" ಎಂದಳು, ಅಷ್ಟೇ.

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಹಾಲು, ತರಕಾರಿ, ಔಷಧಿ, ಮರೆತ ಕೊತ್ತಂಬರಿ ಸೊಪ್ಪು, ಎಲ್ಲಕ್ಕೂ ಈಗ ನಾನೇ. ಮೊನ್ನೆ ಮೂರನೇ ಸಲ ಹತ್ತುವಾಗ ಎರಡನೇ ಮಹಡಿಯಲ್ಲಿ ಚೀಲಗಳನ್ನು ಕೆಳಗಿಟ್ಟು, ಕಂಬಿ ಹಿಡಿದು ನಿಂತೆ. ಬಾಗಿಲು ತೆರೆಯಿತು. ಡ್ರಿಲ್ ಟೀಚರ್ ನನ್ನ ಚೀಲಗಳನ್ನು ನೋಡಿದರು, ಮೇಲಿನ ಮೆಟ್ಟಿಲುಗಳನ್ನು ನೋಡಿದರು, ಆಮೇಲೆ ನಿಧಾನವಾಗಿ ಕಣ್ಣು ಮಿಟುಕಿಸಿದರು.

"ನಿಮ್ಮನ್ನ ಯಾರು ಕಳಿಸಿದ್ದು ಅಂತ ನನಗೆ ಗೊತ್ತು ಬಿಡಿ."