ಅಲ್ಲಲ್ಲಿ ಎಂದು ಬರೆಯದವನು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಪದ. 'ಅಲ್ಲಲ್ಲಿ.'

ಹವಾಮಾನ ಕಚೇರಿಯವರಿಗೆ ಈ ಪದದ ಮೇಲೆ ಎಂಥ ಪ್ರೀತಿ ಎಂದು ರೇಡಿಯೋ ಕೇಳುವವರಿಗೆಲ್ಲ ಗೊತ್ತು. 'ಅಲ್ಲಲ್ಲಿ ಮಳೆಯಾಗುವ ಸಂಭವವಿದೆ' ಎಂದುಬಿಟ್ಟರೆ ಮುಗಿಯಿತು. ಮಳೆ ಬಂದರೆ 'ಹೇಳಿರಲಿಲ್ಲವೇ?' ಎನ್ನಬಹುದು. ಬಾರದಿದ್ದರೆ ಇನ್ನೆಲ್ಲೋ ಬಂದಿರುತ್ತದೆ, ಹೋಗಿ ನೋಡುವವರು ಯಾರು? ಆ ಊರಿನ ಹವಾಮಾನ ಕಚೇರಿಯ ಸಾಹೇಬರು ಈ ಪದವನ್ನು ನಂಬಿಕೊಂಡೇ ಇಪ್ಪತ್ತು ವರ್ಷ ನೆಮ್ಮದಿಯಾಗಿದ್ದರು.

ಅದೇ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಮಳೆಮಾಪಕದ ನೀರು ಅಳೆಯುತ್ತಿದ್ದವನೇ ನಮ್ಮ ನಾಯಕ. ಬೀದಿಯವರ ಬಾಯಲ್ಲಿ ಹವಾಮಾನಪ್ಪ. ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟು, ಕಚೇರಿಯ ಹಿಂದಿನ ಹುಲ್ಲಿನಲ್ಲಿ ನೆಟ್ಟ ಡಬ್ಬಿಯಿಂದ ನೀರು ತೆಗೆದು, ಗಾಜಿನ ಕೊಳವೆಗೆ ಸುರಿದು, ಇಷ್ಟು ಮಿಲಿಮೀಟರ್ ಎಂದು ಬರೆದಿಡುವುದು ಅವನ ಕೆಲಸ. ಸುರಿದುಹೋದ ಮಳೆಯನ್ನು ಅಳೆಯುವುದು ಯಾವ ಘನಂದಾರಿ ಕೆಲಸ? ಬರುವ ಮಳೆಯನ್ನು ಹೇಳಬೇಕು! ಮುನ್ಸೂಚನೆ ಬರೆಯುವವರು ನಿವೃತ್ತರಾದ ಮಾರನೆಯ ದಿನವೇ ಅವನು ಸಾಹೇಬರ ಮುಂದೆ ಹೋಗಿ ನಿಂತ.

"ಆ ಕುರ್ಚಿ ನಂಗೆ ಕೊಡಿ ಸಾರ್."

"ಭಾನುವಾರದ್ದು ಬರಿ, ನೋಡೋಣ. ಸರಿಹೋದ್ರೆ ಸೋಮವಾರದಿಂದ ಕುರ್ಚಿ ನಿಂದೇ."

ಅವನು ನಕ್ಷೆಗಳನ್ನು ಹರಡಿಕೊಂಡು ಮೂರು ಗಂಟೆ ಲೆಕ್ಕ ಹಾಕಿ ಒಂದು ಸಾಲು ಬರೆದ: 'ದಿನವಿಡೀ ಒಣಹವೆ.'

ಸಾಹೇಬರು ಕನ್ನಡಕ ಏರಿಸಿದರು. "ಒಂದು ಅಲ್ಲಲ್ಲಿ ಹಾಕಯ್ಯ."

"ಹಾಕಲ್ಲ ಸಾರ್."

"ಮಳೆಗಾಲ ಕಣಯ್ಯ. ಬೆಟ್ಟದ ಬುಡದಲ್ಲಿದ್ದೀವಿ. ಒಂದೇ ಒಂದು ಹಾಕು. ಚಿಕ್ಕ ಅಕ್ಷರದಲ್ಲಾದ್ರೂ ಹಾಕು."

"ಲೆಕ್ಕ ಒಣಹವೆ ಅಂತಿದೆ ಸಾರ್. ಅದಕ್ಕೆ ಬಾಲ ಅಂಟಿಸೋದು ನನ್ನಿಂದಾಗಲ್ಲ."

"ಆಯ್ತು ಮಾರಾಯ. ಬೆಳಿಗ್ಗೆ ಒಂದು ಸಲ ನೋಡ್ಕೊಂಡು ರೇಡಿಯೋದವರಿಗೆ ಕಳಿಸ್ತೀನಿ," ಎಂದು ಸಾಹೇಬರು ಚೀಟಿಯನ್ನು ಜೇಬಿಗಿಳಿಸಿದರು.

ಕಚೇರಿಯಲ್ಲಿ ಗೆದ್ದರೇನು, ಬೀದಿಯಲ್ಲಿ ಅವನ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಅಲ್ಲಿ ಹವಾಮಾನ ಹೇಳುತ್ತಿದ್ದದ್ದು ಅವನ ಮನೆಯ ನಾಯಿ. ಅವನ ಅತ್ತೆ ಆರು ವರ್ಷದ ಹಿಂದೆ ಮಗಳ ಮನೆಗೆ ಇರಲು ಬಂದಾಗ ಒಂದು ಟ್ರಂಕು, ಒಂದು ಮಂಚ ಮತ್ತು ಈ ಕಂದು ನಾಯಿಯನ್ನು ತಂದಿದ್ದರು. ಅದರ ಗತ್ತು ನೋಡಿ ಬೀದಿಯವರೇ 'ದೊರೆ' ಎಂದು ಕರೆದಿದ್ದರು. ಬೆಳಿಗ್ಗೆ ಆರೂವರೆಗೆ ದೊರೆ ಗೇಟಿನ ಹೊರಗೆ ಕಾಣಿಸಿಕೊಂಡರೆ ಬೀದಿಯೆಲ್ಲ ಬಟ್ಟೆ ಒಗೆಯುತ್ತಿತ್ತು. ಅತ್ತೆಯ ಮಂಚದ ಕೆಳಗೇ ಬಿದ್ದುಕೊಂಡಿದ್ದರೆ ಬೀದಿಯೆಲ್ಲ ಕೊಡೆ ಹುಡುಕುತ್ತಿತ್ತು. ಆರು ವರ್ಷದಲ್ಲಿ ದೊರೆ ತಪ್ಪಿದ್ದು ಎರಡೇ ಸಲ. ಆ ಎರಡು ದಿನಗಳ ತಾರೀಖು ಹವಾಮಾನಪ್ಪನಿಗೆ ಬಾಯಿಪಾಠವಾಗಿತ್ತು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ದೊರೆ ಮಾತ್ರ ಮಂಚದ ಕೆಳಗೆ. ಅವನಿಗೆ ಪಿತ್ತ ನೆತ್ತಿಗೇರಿತು.

"ಎದ್ದೇಳೋ! ಇವತ್ತು ನಿನ್ನ ಕರ್ಕೊಂಡು ಬೆಟ್ಟ ಹತ್ತಿ, ಒಣಗಿದ ಮೈಯಲ್ಲಿ ವಾಪಸ್ ಬಂದು, ಈ ಬೀದಿಯವರ ಮುಂದೆ ನಿಂತ್ಕೋತೀನಿ. ಯಾರು ಸರಿ ಅಂತ ಇವತ್ತೇ ತೀರ್ಮಾನ ಆಗಿಹೋಗ್ಲಿ."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ, "ಇವತ್ತು ಬೇಡ ಅಳಿಯಂದ್ರೇ, ಮಳೆ ಬರುತ್ತೆ," ಎಂದರು.

"ನಾಯಿ ಹೇಳ್ತಾ?"

ಅತ್ತೆ ಏನೋ ಗೊಣಗಿದರು. ಅವನು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಹೆಂಡತಿ ಅಡ್ಡ ಬಂದಳು. "ರೀ, ರೇನ್‌ಕೋಟಾದ್ರೂ ತಗೊಂಡು ಹೋಗಿ."

"ಒಣಹವೆ ಅಂತ ನಾನೇ ಬರೆದು ನಾನೇ ರೇನ್‌ಕೋಟ್ ಹಾಕ್ಕೊಂಡ್ರೆ ನೋಡಿದವರು ಏನಂತಾರೆ?"

"ಜಾಣ ಅಂತಾರೆ."

ಅವನು ನಾಯಿಯ ಕೊರಳ ಹಗ್ಗ ಎಳೆದ. ದೊರೆ ಕೂತ ಭಂಗಿಯಲ್ಲೇ ನೆಲ ಒರೆಸುತ್ತ ಹೊಸ್ತಿಲವರೆಗೆ ಬಂತು, ಅಲ್ಲಿಂದಾಚೆ ಅದೂ ಇಲ್ಲ. ಕೊನೆಗೆ ಹದಿನೆಂಟು ಕೆಜಿಯ ನಾಯಿಯನ್ನು ತಬ್ಬಿ ಎತ್ತಿಕೊಂಡು, ಅದರ ಬಾಲದಿಂದ ಮೂಗಿಗೆ ಹೊಡೆಸಿಕೊಳ್ಳುತ್ತ ಗೇಟು ದಾಟಿದ.

ಎದುರು ಮನೆಯ ಇಸ್ತ್ರಿ ಅಕ್ಕ ವಸತಿಗೃಹದಿಂದ ಬಂದ ನಲವತ್ತು ಬೆಡ್‌ಶೀಟುಗಳ ರಾಶಿಯ ಮುಂದೆ ನಿಂತು ಈ ಗೇಟನ್ನೇ ಕಾಯುತ್ತಿದ್ದಳು. "ದೊರೆ ಬಂದ! ನೀರಿಗೆ ಹಾಕ್ತೀನಿ."

"ನಿಲ್ಲಮ್ಮ," ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರ್ ಮಡಚಿದರು. "ನಾಯಿ ನಡ್ಕೊಂಡು ಬಂತೋ, ಹೊತ್ಕೊಂಡು ಬಂದದ್ದೋ? ಕಂಕುಳಲ್ಲಿರೋ ನಾಯಿ ಲೆಕ್ಕಕ್ಕೆ ಬರಲ್ಲ."

"ಅಕ್ಕಾ, ನೀವು ಒಗೀರಿ. ನಾನು ಹೇಳ್ತಾ ಇದ್ದೀನಿ," ಎಂದ ಹವಾಮಾನಪ್ಪ.

"ನೀವಾ?" ಇಸ್ತ್ರಿ ಅಕ್ಕನ ಮುಖ ಸಣ್ಣಗಾಯಿತು.

"ಒಂದು ಹನಿ ಬಿದ್ರೆ ಅಷ್ಟೂ ಶೀಟು ನಾನೇ ಹಿಂಡಿ ಕೊಡ್ತೀನಿ. ಮೇಷ್ಟ್ರೇ ಸಾಕ್ಷಿ!"

ಬೆಟ್ಟ ಊರಿಗೆ ಅಂಟಿಕೊಂಡೇ ಇತ್ತು. ಮೊದಲ ತಿರುವಿನಲ್ಲಿ ಎಳೆಬಿಸಿಲು. ದೊರೆ ಮನೆಯ ಕಡೆಗೇ ಕತ್ತು ತಿರುಗಿಸಿಕೊಂಡು, ಆಸ್ಪತ್ರೆಗೆ ಹೊರಟ ಮಗುವಿನ ಹಾಗೆ ಕಾಲೆಳೆಯುತ್ತಿತ್ತು. ಎರಡನೆಯ ತಿರುವಿನಲ್ಲಿ ಎಲ್ಲಿಂದಲೋ ಮಂಜು ಇಳಿದು, ಜೊತೆಗೊಂದು ನಾಯಿಯಿದೆ ಎಂಬುದು ಕೈಯಲ್ಲಿದ್ದ ಹಗ್ಗದಿಂದ ಮಾತ್ರ ತಿಳಿಯುವಂತಾಯಿತು. ಮೂರನೆಯ ತಿರುವಿನಲ್ಲಿ ಗಾಳಿ ಬೀಸಿ ಮಂಜೆಲ್ಲ ಹಾರಿ, ಮತ್ತೆ ಫಳಫಳ ಬಿಸಿಲು.

"ನೋಡಿದ್ಯೇನೋ!" ಎಂದು ಅವನು ಕಣಿವೆಗೆಲ್ಲ ಕೇಳುವ ಹಾಗೆ ಕೂಗಿದ. "ಒಣಹವೆ! ಅಲ್ಲಲ್ಲಿ ಅಲ್ಲ, ಎಲ್ಲೆಲ್ಲೂ ಒಣಹವೆ!"

ಅವನ ಬಾಯಿ ಇನ್ನೂ ತೆರೆದಿರುವಾಗಲೇ ಅದರೊಳಗೊಂದು ಹನಿ ಬಿತ್ತು.

ಅವನು ಅದನ್ನು ನುಂಗಿ, "ಇದು ಮಂಜು ಹನಿದದ್ದು," ಎಂದ. ನಾಲ್ಕಾರು ಹನಿ ಬಿದ್ದಾಗ, "ಮರದ ಎಲೆ ಕೊಡವಿದ ನೀರು," ಎಂದ. ಸುತ್ತ ಫರ್ಲಾಂಗು ದೂರ ಒಂದು ಮರವಿರಲಿಲ್ಲ. ಟಪಟಪ ಆಲಿಕಲ್ಲು ತಲೆಗೆ ಬಡಿದಾಗ, "ಇದು ಬೇರೆ ಜಾತಿ," ಎಂದ. ಧೋ ಎಂದು ಸುರಿಯತೊಡಗಿದ ಮೇಲೂ ಅವನು ಬಗ್ಗಲಿಲ್ಲ. "ಎರಡೂವರೆ ಮಿಲಿಮೀಟರ್ ಆಗೋವರೆಗೂ ಕಚೇರಿ ಇದನ್ನ ಮಳೆಯ ದಿನ ಅಂತ ಕರೆಯಲ್ಲ ಕಣೋ!" ಅವನ ಎಡಗಾಲಿನ ಬೂಟಿನಲ್ಲೇ ಅಷ್ಟಕ್ಕಿಂತ ಹೆಚ್ಚಿಗೆ ನಿಂತಿತ್ತು. ಮುಂದಿನ ಹೆಜ್ಜೆಗೆ ಕಾಲು ಜಾರಿ, ಹತ್ತಿದ್ದ ದಾರಿಯಲ್ಲಿ ಮೂವತ್ತು ಅಡಿ ಕುಳಿತೇ ಇಳಿದ.

ಕೆಸರಿನಲ್ಲಿ ಕೂತಿದ್ದವನಿಗೆ ಅಳು ಬರುವಂತಾಯಿತು. ಕುರ್ಚಿ ಹೋಯಿತು. ಸೋಮವಾರದಿಂದ ಮತ್ತೆ ಅದೇ ಹುಲ್ಲು, ಅದೇ ಡಬ್ಬಿ. ಆದರೆ ಕಣ್ಣೊರೆಸಿಕೊಂಡು ನಾಯಿಯನ್ನು ಹುಡುಕಿದಾಗ ಕಂಡದ್ದೇ ಬೇರೆ. ದೊರೆ ಮಳೆಯಲ್ಲಿ ಕುಣಿಯುತ್ತಿತ್ತು! ಕೆಸರಿನ ಗುಂಡಿಗೆ ಹಾರಿ, ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ ಹೊರಳಾಡಿ, ಆಕಾಶದ ಕಡೆ ಬಾಯಿ ತೆರೆದು ಮಳೆಯನ್ನು ಕಚ್ಚಲು ನೋಡುತ್ತಿತ್ತು.

"ಎಲಾ ಕಳ್ಳ!" ಎಂದು ಅವನು ಎದ್ದು ನಿಂತ. "ನಿಂಗೆ ಮಳೆ ಅಂದ್ರೆ ಭಯ ಇಲ್ಲ, ಇಷ್ಟ! ಆರು ವರ್ಷದಿಂದ ಇಡೀ ಬೀದಿಗೆ ಟೋಪಿ ಹಾಕ್ತಾ ಇದ್ದೀಯ!"

ಅವನ ಮೈಯಲ್ಲಿ ಹೊಸ ಬಲ ಬಂತು. ತಾನು ಸೋತರೆ ಸೋಲಲಿ, ಈ ದೊರೆಯ ಬಂಡವಾಳವಾದರೂ ಬಯಲಾಗಲಿ. ಈಗ ಮನೆಗೆ ಹೋಗಲು ಒಲ್ಲೆನೆಂದು ಕೂತ ನಾಯಿಯನ್ನು ಮತ್ತೆ ಹೊತ್ತುಕೊಂಡು ಬೆಟ್ಟ ಇಳಿದ. ಕೆಸರು ಸೇರಿ ಅದರ ತೂಕ ಎರಡು ಕೆಜಿ ಏರಿತ್ತು.

ಬೀದಿಗೆ ಬರುವ ಹೊತ್ತಿಗೆ ಮಳೆ ಸಣ್ಣಗಾಗಿತ್ತು. ಊರಿನಲ್ಲೂ ಚೆನ್ನಾಗಿಯೇ ಬಡಿದಿತ್ತು. ಇಸ್ತ್ರಿ ಅಕ್ಕ ನೆನೆದ ಶೀಟುಗಳ ಗುಡ್ಡೆಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮೇಷ್ಟ್ರು ಕೊಡೆಯೊಳಗಿಂದ, "ಏನಪ್ಪಾ, ಒಣಹವೆ ಹೇಗಿತ್ತು?" ಎಂದರು.

"ನಗಬೇಡಿ ಮೇಷ್ಟ್ರೇ! ಈ ನಾಯಿಗೆ ಮಳೆ ಗಿಳೆ ಏನೂ ಗೊತ್ತಾಗಲ್ಲ. ನೆನೆದು ಕುಣೀತಿತ್ತು. ಇಷ್ಟು ವರ್ಷ ನಿಮ್ಮನ್ನೆಲ್ಲ ಒಂದು ನಾಯಿ ಆಡಿಸಿದೆ!"

"ಅದೆಲ್ಲ ಆಮೇಲೆ," ಎಂದರು ಮೇಷ್ಟ್ರು. "ಒಳಗೆ ನಿಮ್ಮ ಸಾಹೇಬ್ರು ಕಾಯ್ತಾ ಇದ್ದಾರೆ."

ಅತ್ತೆಯ ಕೋಣೆಯಲ್ಲಿ ಸಾಹೇಬರು ಸ್ಟೂಲಿನ ಮೇಲೆ ಕೂತಿದ್ದರು. ತಲೆಯಿಂದ ನೀರಿಳಿಯುತ್ತಿತ್ತು. ಅವನನ್ನು ಕಂಡದ್ದೇ ಸಿಡಿದರು. "ಬಾರಯ್ಯ, ಬಾ! ಕ್ರೀಡಾಂಗಣದ ಉದ್ಘಾಟನೆ ಇತ್ತು. ರೇಡಿಯೋ ಕೇಳಿ ಪೆಂಡಾಲನ್ನೇ ಹಾಕಿಸಿರಲಿಲ್ಲ. ಮೇಲಿನವರೆಲ್ಲ ವೇದಿಕೆ ಮೇಲೆ ತೊಪ್ಪೆ! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಲ್ಲಲ್ಲಿ ಇಲ್ಲದೆ ಕಳಿಸಿದೆ ನಾನು!"

"ಬೆಳಿಗ್ಗೆ ನೋಡ್ಕೊಂಡು ಕಳಿಸ್ತೀನಿ ಅಂದಿದ್ರಲ್ಲ ಸಾರ್?"

"ನೋಡಿದ್ನಲ್ಲಯ್ಯ! ದಿನಾ ನೋಡೋ ಹಾಗೇ ನೋಡಿದೆ. ಆರೂವರೆಗೆ ನಿಮ್ಮನೆಗೆ ಫೋನ್ ಮಾಡಿ, ನಾಯಿ ಹೊರಗೆ ಹೋಯ್ತಾ ಅಂತ ಕೇಳಿದೆ. ಹೋಯ್ತು ಅಂದ್ರು. ನೀನು ಹೊತ್ಕೊಂಡು ಹೋಗಿದ್ದೀಯ ಅಂತ ನಂಗೇನು ಕನಸು ಬೀಳುತ್ತಾ?"

ಹವಾಮಾನಪ್ಪ ನಾಯಿಯನ್ನು ನೆಲಕ್ಕಿಳಿಸಿದ. ಆರು ವರ್ಷದಿಂದ ಇಲಾಖೆಯ ಮೊಹರಿನೊಂದಿಗೆ ಊರಿಗೆಲ್ಲ ಹೋಗುತ್ತಿದ್ದದ್ದು ತನ್ನ ಮನೆಯ ನಾಯಿಯ ವರದಿ! ಆರಕ್ಕೇ ಮನೆ ಬಿಡುವ ತನಗೆ ಅದು ತಿಳಿದೇ ಇಲ್ಲ!

"ಸಾರ್, ಅದು ದಂಡಪಿಂಡ ಸಾರ್! ಮಳೆಯಲ್ಲಿ ಹೊರಳಾಡೋ ನಾಯಿ ಅದು. ನಾನೇ ಕಣ್ಣಾರೆ ನೋಡ್ದೆ!"

ಸಾಹೇಬರು ದೊರೆಯ ಕೆಸರು ಮೈಯನ್ನು ನೋಡಿದರು. "ಹಾಗಾದ್ರೆ ಇಷ್ಟು ವರ್ಷ ಸರಿಯಾಗಿ ಹೇಳಿದ್ದು ಯಾರಯ್ಯ?"

"ನನ್ನ ಮಂಡಿ," ಎಂದರು ಅತ್ತೆ.

ಎಲ್ಲರೂ ಮಂಚದ ಕಡೆ ತಿರುಗಿದರು. ಅತ್ತೆ ನಿಧಾನವಾಗಿ ಎದ್ದು ಕೂತರು. "ಮಳೆ ಬರೋ ದಿನ ಬೆಳಗಿನ ಜಾವಕ್ಕೇ ಮಂಡಿ ಹಿಡ್ಕೊಳ್ಳುತ್ತೆ. ನಾನು ಏಳಲ್ಲ. ನಾನು ಎದ್ದು ಗೇಟು ತೆಗೀದಿದ್ರೆ ಅದೂ ಏಳಲ್ಲ. ಇಷ್ಟೇ ವಿಷಯ."

"ಒಂದು ಮಾತು ಹೇಳಬಾರದಿತ್ತಾ ಅಮ್ಮಾ?" ಎಂದರು ಸಾಹೇಬರು.

"ಯಾರು ಕೇಳಿದ್ರಿ?" ಅತ್ತೆಯ ದನಿ ಏರಿತು. "ದಿನಾ ಫೋನ್ ಮಾಡ್ತೀರಿ. ನಾಯಿ ಎದ್ದಿದೆಯಾ, ನಾಯಿ ಹೊರಗೆ ಹೋಯ್ತಾ. ಆರು ವರ್ಷದಲ್ಲಿ ಒಂದು ದಿನ, ನೀವು ಹೇಗಿದ್ದೀರಿ ಅಮ್ಮಾ ಅಂತ ಕೇಳಿದ್ರಾ? ಇವತ್ತೂ ಅಷ್ಟೇ, ಹೋಯ್ತು ಅಂದ ತಕ್ಷಣ ಫೋನ್ ಇಟ್ರಿ. ಬೀದಿಯವರೂ ಅಷ್ಟೇ, ಗೇಟಲ್ಲಿ ನಾಯಿ ಮುಖ ನೋಡ್ತಾರೆ. ಇನ್ನು ನಮ್ಮ ಅಳಿಯಂದ್ರು! ಮಳೆ ಬರುತ್ತೆ ಅಂತ ಬಾಯ್ಬಿಟ್ಟು ಹೇಳಿದ್ರೆ, ನಾಯಿ ಹೇಳ್ತಾ ಅಂತ ಕೇಳಿದ್ರು."

ಹವಾಮಾನಪ್ಪನಿಗೆ ನಾಚಿಕೆಯಾಯಿತು, ನಿಜ. ಆದರೆ ಹಟ ನಾಚಿಕೆಗಿಂತ ಗಟ್ಟಿ.

"ಎರಡು ಸಲ ತಪ್ಪಿತ್ತಲ್ಲ ಅತ್ತೆ! ತಾರೀಖು ಬೇಕಾದ್ರೆ ಹೇಳ್ತೀನಿ!"

"ಆ ಎರಡು ಸಲ ನಾನು ತಂಗಿ ಮನೇಲಿದ್ದೆ."

ಸಾಹೇಬರು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ಅಮ್ಮಾ, ನಾಳೆ ಹೇಗೆ... ಅಲ್ಲ, ಮೊದಲು, ನೀವು ಹೇಗಿದ್ದೀರಿ?"

ಅತ್ತೆ ಕಾಲು ಚಾಚಿ, ಮಡಚಿ ನೋಡಿದರು. "ಈಗ ಹಗುರಾಗಿದೆ. ಇನ್ನು ಮಳೆ ಇಲ್ಲ. ನಾಳೆನೂ ಇಲ್ಲ."

"ಅಲ್ಲಲ್ಲಿ...?"

"ಮಂಡಿ ಅಲ್ಲಲ್ಲಿ ನೋಯುತ್ತೇನ್ರೀ? ನೋಯುತ್ತೆ, ಇಲ್ಲಾಂದ್ರೆ ನೋಯಲ್ಲ."

ಸಾಹೇಬರು ಚೀಟಿ ತೆಗೆದು ಬರೆದರು: 'ದಿನವಿಡೀ ಒಣಹವೆ.'

"ಸಾರ್!" ಹವಾಮಾನಪ್ಪ ಕಿರುಚಿದ. "ಇದೇ ಸಾಲಲ್ವಾ ನಾನು ಬರೆದದ್ದು?"

"ನಿಂದು ಬರೀ ಲೆಕ್ಕ ಕಣಯ್ಯ. ಇದು ನೋವು."

"ನನ್ನ ಕುರ್ಚಿ?"

"ಕುರ್ಚಿ ಇಲ್ಲಿಗೇ ತರಿಸ್ತೀನಿ. ದಿನಾ ಬೆಳಿಗ್ಗೆ ನಾನೇ ಬಂದು ಅಮ್ಮನ ಹತ್ರ ಕೂತು ಬರ್ಕೊಂಡು ಹೋಗ್ತೀನಿ. ನೀನು ಹೊರಡು. ಇವತ್ತು ಬಿದ್ದ ಮಳೆ ಎಷ್ಟು ಅಂತ ಮೇಲಿನವರು ಕೇಳಿದ್ದಾರೆ. ಹೋಗಿ ಅಳೆದು ಬಾ."

"ಭಾನುವಾರ ನಂಗೆ ರಜೆ ಸಾರ್! ಅಳೆಯಲ್ಲ!"

"ಅಳೆಯದಿದ್ರೆ ಬನ್ನಿ, ಶೀಟು ಹಿಂಡಿ," ಎಂದು ಬಾಗಿಲಲ್ಲಿ ಇಸ್ತ್ರಿ ಅಕ್ಕನ ದನಿ ಕೇಳಿತು. "ನಲವತ್ತೂ ಕಾಯ್ತಾ ಇವೆ."

ಅವನು ಕಚೇರಿಯ ದಾರಿ ಹಿಡಿದ. "ನಿಧಾನಕ್ಕೆ ಹೋಗಿ ಬನ್ನಿ ಅಳಿಯಂದ್ರೇ, ದಾರೀಲಿ ಒಂದು ಹನಿಯೂ ಬೀಳಲ್ಲ!" ಎಂದು ಅತ್ತೆ ಕಿಟಕಿಯಿಂದ ಕೂಗಿದರು.

ಬೀಳಲ್ವಾ? ನೋಡೇಬಿಡೋಣ! ಕೆಸರು ಮೆತ್ತಿದ ಪ್ಯಾಂಟಿನಲ್ಲಿ, ಪಚಪಚ ಎನ್ನುವ ಬೂಟಿನಲ್ಲಿ, ಹವಾಮಾನಪ್ಪ ಕತ್ತೆತ್ತಿ ಆಕಾಶವನ್ನು ದುರುಗುಟ್ಟಿಕೊಂಡೇ ನಡೆದ. ಒಂದು ಹನಿ, ಹೆಚ್ಚು ಬೇಡ, ಒಂದೇ ಒಂದು ಹನಿ ಬಿದ್ದರೆ ಸಾಕು, ಓಡಿಹೋಗಿ ಎಲ್ಲರಿಗೂ ತೋರಿಸಿಬಿಡುತ್ತಿದ್ದ. ಕಚೇರಿ ಮುಟ್ಟುವಷ್ಟರಲ್ಲಿ ಬಿಸಿಲಿಗೆ ಅವನ ಅಂಗಿ ಪೂರ್ತಿ ಒಣಗಿತ್ತು.